ಮೇಜಿನ ಕೆಳಗೆ ವಾಸವಿರುವ ಬೆಕ್ಕಿನವರಿಗೆ

ಮಾನ್ಯ ಬೆಕ್ಕಿನವರೇ,

‘ಆರಂಭಿಕರಿಗೆ ಸುಲಭ ಚೀನೀ ಓದು’ ಎಂಬ ಆ್ಯಪಿನ ಮೊದಲ ಪಾಠದಿಂದಲೂ ಮೇಜಿನ ಕೆಳಗೆ ಬಿಜಯಮಾಡಿಸಿರುವ ತಮಗೆ, ತುಮಕೂರಿನ ಶಿರಾ ಗೇಟಿನಲ್ಲಿ ಬ್ಲೌಸ್ ಎಂಬ್ರಾಯ್ಡರಿ ಅಂಗಡಿ ಇಟ್ಟಿರುವ ಸರ್ವಮಂಗಳ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಾವು ಕ್ಷೇಮವಾಗಿ ಮೀನು ತಿನ್ನುತ್ತಿರುವ ಸಮಾಚಾರ ಪಾಠದಿಂದ ಪಾಠಕ್ಕೆ ತಲುಪುತ್ತಲೇ ಇದೆ.

ನಮ್ಮ ಅಂಗಡಿಯ ಮೆಷಿನ್ ಚೀನಾದ್ದು. ಅದರ ಪರದೆಯ ತುಂಬ ಚೀನೀ ಅಕ್ಷರಗಳು, ಮಾರಿದ ಮಹನೀಯರೋ ಫೋನೆತ್ತುವುದಿಲ್ಲ. ಆದ್ದರಿಂದ ನಾನೇ ಕಲಿಯೋಣವೆಂದು ಬೇಸಿಗೆಯಿಂದ ಒಗ್ಗರಣೆ ಹಾಕುತ್ತ ಹಾಕುತ್ತಲೇ ಓದಿದೆ. ಬೆಕ್ಕು ಮೇಜಿನ ಕೆಳಗಿದೆ. ಬೆಕ್ಕು ದೊಡ್ಡದಲ್ಲ. ಬೆಕ್ಕಿಗೆ ಮೀನು ಇಷ್ಟ. ಮೀನಿನ ಹೆಸರೇ ಎತ್ತದ ನಮ್ಮ ಅಡುಗೆಮನೆಯಲ್ಲಿ ಇದನ್ನೆಲ್ಲ ಗಟ್ಟಿಯಾಗಿ ಓದಿದ್ದು ತಮ್ಮ ಮೇಲಿನ ಗೌರವದಿಂದಲೇ ಹೊರತು ಬೇರೆ ಕಾರಣದಿಂದಲ್ಲ. ನನ್ನ ಯಜಮಾನರಾದ ರೇಣುಕಾಪ್ರಸಾದರಂತೂ ಅಂಗಡಿಗೆ ಬಂದವರಿಗೆಲ್ಲ ನನಗೆ ಚೀನೀ ಬರುತ್ತದೆಂದು ಸಾರಿಬಿಟ್ಟಿದ್ದರು.

ಇಂದು ಆಯುಧಪೂಜೆಯ ಮರುದಿನ. ಗುಬ್ಬಿಯ ಭೂಮಿಕಾಳಿಗೆ ನಾಳೆ ಬೆಳಿಗ್ಗೆ ಕುಣಿಗಲ್‌ನಲ್ಲಿ ನಿಶ್ಚಿತಾರ್ಥ. ಅವಳ ಬ್ಲೌಸಿನ ಬಲತೋಳಿಗೆ ನವಿಲು ಮೊನ್ನೆಯೇ ಕೂತಿತ್ತು, ಎಡತೋಳಿಗೆ ಇಂದು ಕೂರಬೇಕಿತ್ತು. ಮೆಷಿನ್ ಶುರುವಾಗಲೇ ಇಲ್ಲ, ಪರದೆಯ ಮೇಲೆ ಕೆಂಪು ಅಕ್ಷರಗಳು ಮಾತ್ರ ಮೂಡಿದವು. ಕಣ್ಣು ಕಿರಿದು ಮಾಡಿ ಓದಿದೆ. ಅದರಲ್ಲಿ ತಾವೂ ಇರಲಿಲ್ಲ, ತಮ್ಮ ಮೇಜೂ ಇರಲಿಲ್ಲ.

ಮೆಷಿನ್ನಿನ ಬೆನ್ನಿಗೆ ಅಂಟಿಸಿದ್ದ ಕಂಪನಿಯ ನಂಬರಿಗೆ ವಿಡಿಯೋ ಕಾಲ್ ಮಾಡಿ, ಎತ್ತಿದ ಚೀನಾದ ಇಂಜಿನಿಯರರಿಗೆ ನನಗೆ ಬರುವುದನ್ನೆಲ್ಲ ನಿವೇದಿಸಿಕೊಂಡೆ. ಬೆಕ್ಕು ಮೇಜಿನ ಕೆಳಗಿದೆ ಎಂದಾಗ ಪಾಪ, ಅವರು ಎದುರಿಗಿದ್ದ ಆಫೀಸಿನ ಮೇಜಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಮೆಷಿನ್ ತೋರಿಸಿದೆ. ಅವರು ಕಣ್ಣರಳಿಸಿ, ಮೂರು ಬೆರಳುಗಳನ್ನು ಹಣೆಯ ಮೇಲೆ ಅಡ್ಡಡ್ಡ ಎಳೆದು ತೋರಿಸಿದರು. ಅಷ್ಟು ದೂರದಲ್ಲೂ ಒಬ್ಬ ಶಿವಭಕ್ತರು ಸಿಕ್ಕರಲ್ಲ ಎಂದು ನಾನು ಕೈಮುಗಿದು, ಮೆಷಿನ್ನಿಗೆ ನಿನ್ನೆ ಪೂಜೆಯಲ್ಲಿ ಬಳಿದಿದ್ದ ವಿಭೂತಿಯ ಮೇಲೆ ಇನ್ನೊಂದು ಸಲ ವಿಭೂತಿ ಬಳಿದೆ. ಅವರು ಹಣೆ ಚಚ್ಚಿಕೊಂಡರು. ಭಕ್ತಿ ಉಕ್ಕಿತೆಂದುಕೊಂಡು ಕುಂಕುಮವನ್ನೂ ಇಟ್ಟೆ.

ಸ್ಟೂಲಿನ ಮೇಲೆ ಕಾದು ಕೂತಿದ್ದ ಭೂಮಿಕಾಳೇ ಕೊನೆಗೆ ಕೂಗಿದಳು: “ಅಕ್ಕಾ, ಆವಯ್ಯ ಭಕ್ತನೂ ಅಲ್ಲ ಏನೂ ಅಲ್ಲ! ದಾರ ನೋಡೋ ಗಾಜಿನ್ ಮೇಲೇ ಇಬೂತಿ ಬಳ್ದಿದೀರಲ್ಲ, ಅದನ್ನ ಒರ್ಸಿ ಅಂತವ್ನೆ ಕಣಕ್ಕ!”

ಸೆರಗಿನಿಂದ ಒರೆಸಿದೆ. ಮೆಷಿನ್ ಶುರುವಾಯಿತು. ಅಷ್ಟರಲ್ಲಿ ಕುಣಿಗಲ್‌ಗೆ ಹೊರಟ ಅವಳ ಮನೆಯವರ ಕಾರು ಹೊರಗೆ ಹಾರ್ನ್ ಹಾಕತೊಡಗಿತ್ತು. ಹುಡುಗಿ ಒಂಟಿ ನವಿಲಿನ ಬ್ಲೌಸನ್ನು ಹಾಗೇ ಮಡಚಿಕೊಂಡು ಹೋಗಿ ಕಾರು ಹತ್ತಿದಳು.

ಆದಕಾರಣ ತಮ್ಮಲ್ಲಿ ವಿನಂತಿ. ತಾವು ದಯಮಾಡಿ ಒಂದು ಎಂಬ್ರಾಯ್ಡರಿ ಮೆಷಿನ್ ಕೊಳ್ಳಬೇಕು, ಅದು ಕೆಡಬೇಕು, ರಿಪೇರಿಯವರೊಂದಿಗೆ ತಾವು ಜಗಳಕ್ಕೆ ಬೀಳಬೇಕು, ಅದಷ್ಟೂ ಸುಲಭ ವಾಕ್ಯಗಳಲ್ಲಿ ಪಾಠವಾಗಬೇಕು. ತಪ್ಪಿದರೆ ನಾಳೆ ಖುದ್ದಾಗಿ ಕುಣಿಗಲ್‌ಗೆ ಬಂದು, ಶಾಸ್ತ್ರ ಮುಗಿಯುವವರೆಗೂ ಭೂಮಿಕಾಳ ಎಡತೋಳಿನ ಮೇಲೆ ಅಲ್ಲಾಡದೆ ಕೂತಿರಬೇಕು. ನವಿಲಿಲ್ಲದಿದ್ದರೂ ಒಂದು ಪ್ರಾಣಿಯಾದರೂ ಇದ್ದಂತಾಗುತ್ತದೆ.

ಮೀನಿನ ನಂತರದ ಸ್ಥಾನದಲ್ಲಿರುವ,
ತಮ್ಮ ವಿಶ್ವಾಸಿ,
ಸರ್ವಮಂಗಳ

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಫೋನಿಗೆ ಹೊಸ ಪಾಠ ಬಂತು. ತಾವು ಕೊನೆಗೂ ಮೇಜಿನ ಕೆಳಗಿನಿಂದ ಹೊರಬಂದು ಮುಖ ಒರೆಸಿಕೊಳ್ಳುತ್ತಿದ್ದೀರಂತೆ. ‘ಒರೆಸು’ ಎಂಬುದಕ್ಕೆ ಚೀನೀಯಲ್ಲಿ ಏನೆನ್ನುತ್ತಾರೆಂದು ಈಗ ತಿಳಿಯಿತು. ನಿನ್ನೆಯೇ ತಾವು ಮುಖ ಒರೆಸಿಕೊಂಡಿದ್ದರೆ ಆ ಹುಡುಗಿ ನಾಳೆ ಎಡಗಡೆಗೆಲ್ಲ ಸೆರಗು ಹೊದ್ದು ನಿಲ್ಲಬೇಕಾಗಿರಲಿಲ್ಲ.