ಫೆಲಿಕ್ಸ್ ಅಂಕಲ್ ಅವರ ರೆಕಾರ್ಡನ್ನು ನಾನು ಸ್ವಚ್ಛ ಮಾಡಿದ್ದು

ಒಂದು ಹಳೆಯ ಎಲ್‌ಪಿ ರೆಕಾರ್ಡಿನ ಹಾಡುಗಳನ್ನು ಫೋನಿಗೆ ಹಾಕಿಕೊಡುವುದು ಎಷ್ಟು ಹೊತ್ತಿನ ಕೆಲಸ? ಫೆಲಿಕ್ಸ್ ಅಂಕಲ್‌ಗೆ ನಾನು ಅರ್ಧ ಗಂಟೆ ಎಂದು ಹೇಳಿದ್ದೆ. ಯಾರಾದರೂ ಏನಾದರೂ ಕೇಳಿದರೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಆ ಕೆಲಸ ನನಗೆ ಬರುತ್ತದೋ ಇಲ್ಲವೋ ಎಂದು ಯೋಚಿಸುವ ಅಭ್ಯಾಸವೂ ಇಲ್ಲ.

ಫೆಲಿಕ್ಸ್ ಅಂಕಲ್ ಉಡುಪಿ ಕಡೆಯವರು. ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಇಪ್ಪತ್ತು ತುಂಬುವ ಮೊದಲೇ ಲಂಡನ್ನಿಗೆ ಬಂದು ಒಂದು ನೈಟ್‌ಕ್ಲಬ್ಬಿನಲ್ಲಿ ವೇಟರ್ ಆಗಿದ್ದರು. ಆಮೇಲೆ ಏರ್‌ಪೋರ್ಟಿನ ಕೆಲಸ ಹಿಡಿದು ಅಲ್ಲೇ ನಿವೃತ್ತರಾದರು. ಧಾರವಾಡದಿಂದ ಬಂದಿಳಿದ ನನಗೆ ಮೊದಲ ಕೆಲಸ ಕೊಡಿಸಿದವರು ಅವರೇ. ಮೊದಲ ಚಳಿಗಾಲದಲ್ಲಿ ನಾನು ಹಾಕಿಕೊಂಡದ್ದು ಅವರ ಕೋಟು. ಅದರ ಗುಂಡಿಗಳನ್ನು ನನ್ನ ಅಳತೆಗೆ ಸರಿಸಿ ಹೊಲಿದುಕೊಟ್ಟವರು ಅವರ ಹೆಂಡತಿ ಲಿಲ್ಲಿ ಆಂಟಿ. ಆಂಟಿ ತೀರಿಕೊಂಡು ಮೂರು ವರ್ಷವಾಯಿತು.

ಅಂಕಲ್‌ಗೆ ಎಂಬತ್ತು ತುಂಬುತ್ತಿತ್ತು. ಭಾನುವಾರ ಚರ್ಚ್ ಹಾಲಿನಲ್ಲಿ ಊಟ. ಅಲ್ಲಿ ಈ ರೆಕಾರ್ಡನ್ನು ಎಲ್ಲರಿಗೂ ಕೇಳಿಸಬೇಕು ಎಂಬುದು ಅವರ ಆಸೆ. ಅವರ ಪ್ಲೇಯರ್ ಕೆಟ್ಟು ಕೂತಿತ್ತು. ನನ್ನ ಕೈಗೆ ರೆಕಾರ್ಡ್ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: ಎಲ್ಲವೂ ಬರಬೇಕು, ಏನನ್ನೂ ಬಿಡಬಾರದು.

ಅರವತ್ತರ ದಶಕದ ರಾಕ್ ಅಂಡ್ ರೋಲ್ ಅದು. ಆಗ ನೈಟ್‌ಕ್ಲಬ್ಬಿನಲ್ಲಿ ತಂಡದವರು ಬಾರಿಸುತ್ತಿರುವಾಗಲೇ ಮೈಕ್ ಇಟ್ಟು, ಹಾಡು, ಚಪ್ಪಾಳೆ, ಗದ್ದಲ ಎಲ್ಲವನ್ನೂ ಒಟ್ಟಿಗೆ ಹಿಡಿದು ಆಲ್ಬಮ್ ಮಾಡುತ್ತಿದ್ದರಂತೆ. ಇದು ಅಂಕಲ್ ಕೆಲಸಕ್ಕಿದ್ದ ಕ್ಲಬ್ಬಿನದೇ. ತಮ್ಮ ಗಿರಾಕಿಗಳಿಗೆಂದು ಕೆಲವೇ ಪ್ರತಿ ಮಾಡಿಸಿದ್ದರು. ಈಗ ಹುಡುಕಿದರೂ ಸಿಗುವುದಿಲ್ಲ. ಇಂಥ ವಸ್ತು ನನ್ನ ಕೈಗೆ ಬಂತು.

ವೆಂಬ್ಲಿಯ ಗೆಳೆಯನಿಂದ ಕಂಪ್ಯೂಟರಿಗೆ ಜೋಡಿಸುವ ಪ್ಲೇಯರ್ ತಂದು ರೆಕಾರ್ಡ್ ಹಚ್ಚಿದೆ. ಮೊದಲ ಸಲ ಕೇಳಿದಾಗ ನನಗೆ ಸಿಟ್ಟೇ ಬಂತು. ಗಾಯಕ ಜೀವ ಹೋಗುವ ಹಾಗೆ ಕೂಗುತ್ತಿದ್ದಾನೆ, ಜನ ತಮ್ಮಷ್ಟಕ್ಕೆ ಮಾತಾಡುತ್ತಿದ್ದಾರೆ. ಸಂಗೀತ ಕಛೇರಿಯಲ್ಲಿ ಕೆಮ್ಮು ಬಂದರೆ ಎದ್ದು ಹೊರಗೆ ಹೋಗುವ ಊರಿನವನು ನಾನು. ಮೂರನೆಯ ಹಾಡಿನ ನಡುವೆ ಯಾವನೋ ಒಂದು ಟ್ರೇ ಗ್ಲಾಸನ್ನೇ ಬೀಳಿಸಿದ. ಅದರ ಬೆನ್ನಿಗೇ ಯಾವಳೋ ಒಬ್ಬಳು ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಗಾಯಕ ಒಂದು ಸಾಲು ಮರೆತ.

ಎರಡು ಸಂಜೆ ಕಂಪ್ಯೂಟರಿನ ಮುಂದೆ ಕೂತು ಗದ್ದಲವನ್ನೆಲ್ಲ ತೆಗೆದೆ. ಟ್ರೇ ಬಿದ್ದ ಜಾಗವನ್ನು ಕತ್ತರಿಸಿ ಎರಡೂ ತುದಿಗಳನ್ನು ಬೆಸೆದೆ. ಗೊಂದಲವಾಗಬಾರದೆಂದು ಹಳೆಯ ಫೈಲಿನ ಮೇಲೆಯೇ ಹೊಸದನ್ನು ಉಳಿಸಿದೆ. ಇದಕ್ಕೆ ದೂರದೃಷ್ಟಿ ಎನ್ನುತ್ತಾರೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ದಡ್ಡನಾಗಿ ಉಳಿಯುತ್ತಿದ್ದೆ. ಆದರೆ ರೆಕಾರ್ಡನ್ನೂ ಹೊಸದರಂತೆ ಮಾಡಿ ಹಿಂತಿರುಗಿಸೋಣ ಎನಿಸಿತು. ಬಿಸಿನೀರಿನಲ್ಲಿ, ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದೆ. ಒಣಗಲಿ ಎಂದು ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲಿಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಅದು ಸುಟ್ಟ ಹಪ್ಪಳದ ಹಾಗೆ ಅಂಚು ಎತ್ತಿತ್ತು. ಗಾಬರಿಯಾಗಲಿಲ್ಲ. ಅದರ ಮೇಲೆ ರೊಟ್ಟಿ ಹಂಚು ಇಟ್ಟೆ, ಹಂಚಿನ ಮೇಲೆ ಜೋಳದ ಹಿಟ್ಟಿನ ಚೀಲ ಇಟ್ಟೆ. ಟಪ್ ಎಂದಿತು.

ಹೋಗಲಿ, ಹಾಡುಗಳು ಫೋನಿನಲ್ಲಿ ರೆಕಾರ್ಡಿಗಿಂತ ಚೆನ್ನಾಗಿವೆ ಎಂದು ಧೈರ್ಯ ತಂದುಕೊಂಡು ಅಂಕಲ್ ಮನೆಗೆ ಹೋದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮೂರನೆಯ ಹಾಡು ಮುಗಿಯಿತು. ಹಿಂದಕ್ಕೆ ಹಾಕಿ ಮತ್ತೊಮ್ಮೆ ಕೇಳಿದರು.

"ದೇಸಾಯ್ರೇ, ಗ್ಲಾಸ್ ಒಡೆದದ್ದು ಎಲ್ಲಿ ಉಂಟು?"

ತೆಗೆದುಬಿಟ್ಟೆ ಎಂದೆ. ಆ ನಗುವನ್ನೂ ಸುಳಿವೇ ಇಲ್ಲದ ಹಾಗೆ ತೆಗೆದಿದ್ದೇನೆ ಎಂದು ಹೆಮ್ಮೆಯಿಂದ ಸೇರಿಸಿದೆ.

ಅಂಕಲ್ ಫೋನನ್ನು ಮೇಜಿನ ಮೇಲಿಟ್ಟರು. "ಟ್ರೇ ಬೀಳಿಸಿದ್ದು ನಾನು ಮಾರಾಯ್ರೆ," ಎಂದರು. "ನಕ್ಕದ್ದು ಲಿಲ್ಲಿ."

ನರ್ಸಿಂಗ್ ಕಲಿಯಲು ಮಂಗಳೂರಿನಿಂದ ಬಂದ ಹುಡುಗಿ ಆ ದಿನ ಗೆಳತಿಯರ ಜೊತೆ ಕ್ಲಬ್ಬಿಗೆ ಬಂದಿದ್ದಳಂತೆ. ಕೊಂಕಣಿಯಲ್ಲಿ ಬೈದುಕೊಳ್ಳುತ್ತ ಗಾಜು ಹೆಕ್ಕುತ್ತಿದ್ದ ವೇಟರನ ಮಾತು ಅರ್ಥವಾಗಿ ಇನ್ನೂ ಜೋರಾಗಿ ನಕ್ಕಳಂತೆ. ಅಲ್ಲಿಂದ ಅವರ ಸಂಸಾರ. ಇಪ್ಪತ್ತು ವರ್ಷ ಅದೇ ನಗುವನ್ನು ಅವರ ಅಡುಗೆಮನೆಯಲ್ಲಿ ಕೇಳಿದ ನನಗೆ ಗುರುತು ಹತ್ತಿರಲಿಲ್ಲ.

ರೆಕಾರ್ಡ್ ಹೇಗೂ ಉಂಟಲ್ಲ, ಚಿಂತೆಯಿಲ್ಲ ಎಂದು ಅವರೇ ನನಗೆ ಸಮಾಧಾನ ಹೇಳಿದರು. ನಾನು ಕವರಿನಿಂದ ಎರಡು ತುಂಡು ಹೊರಗೆ ತೆಗೆದೆ. ಅವರು ಅವನ್ನು ತೊಡೆಯ ಮೇಲೆ ಜೋಡಿಸಿ ನೋಡಿದರು. ಆಮೇಲೆ ನನಗೆ ಚಹಾ ಬೇಕೇ ಎಂದು ಕೇಳಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಮನೆಗೆ ಬಂದು ಹೆಂಡತಿ ಸುಮಂಗಲಾಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಒಲೆ ಆರಿಸಿ ನನ್ನನ್ನೇ ನೋಡಿದಳು.

"ಗದ್ದಲಾ ಬೇಕಾಗಿತ್ತೇನ್ರಿ? ಅದು ನನ್ನ ಕಡೆ ಐತಿ."

ನಾನು ಮೊದಲ ಸಲ ರೆಕಾರ್ಡ್ ಹಚ್ಚಿದಾಗ, ಅವಳು ಧಾರವಾಡದಲ್ಲಿರುವ ತಂಗಿಗೆ ವಾಯ್ಸ್ ಮೆಸೇಜಿನಲ್ಲಿ ನನ್ನ ಮೇಲೆ ದೂರು ಹೇಳುತ್ತಿದ್ದಳಂತೆ. ಫೋನ್ ತೆಗೆದು ಕೇಳಿಸಿದಳು. ಹಿಂದೆ ಗಿಟಾರು, ಮುಂದೆ ಇವಳ ದನಿ: "ಕೇಳವಾ, ನಿಮ್ಮ ಭಾವನ ಕಾರಭಾರ. ಗ್ಯಾಸ್ ಹಚ್ಚಾಕ ಬರೂದಿಲ್ಲ, ಈಗ ಇಂಜಿನಿಯರ್ ಆಗ್ಯಾರ." ತಕ್ಷಣ ಟ್ರೇ ಬಿತ್ತು. ಆಮೇಲೆ ನಗು, ಒಂದು ಚೂರೂ ಬಿಡದೆ ಪೂರ್ತಿಯಾಗಿ. ಕೊನೆಯಲ್ಲಿ ನಮ್ಮ ಕುಕ್ಕರಿನ ಸೀಟಿ.

ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ಬೈದದ್ದಕ್ಕೆ ಇಷ್ಟು ಋಣಿಯಾದ ಗಂಡ ಇನ್ನೊಬ್ಬ ಇರಲಾರ. ಆಮೇಲೆ ನಿಧಾನವಾಗಿ, ಇವಳ ಮಾತಿನ ಭಾಗವನ್ನಷ್ಟೇ ಕತ್ತರಿಸಿದರೆ ಹೇಗೆ ಎಂದು ಕೇಳಿದೆ.

"ಮುಟ್ಟಬ್ಯಾಡ್ರಿ," ಎಂದಳು.

ಭಾನುವಾರ ಚರ್ಚ್ ಹಾಲಿನಲ್ಲಿ ಅದನ್ನು ಹಾಗೆಯೇ ಹಾಕಿದರು. ದೊಡ್ಡ ಸ್ಪೀಕರಿನಲ್ಲಿ ನಾನು ಇಂಜಿನಿಯರ್ ಆದೆ, ಟ್ರೇ ಬಿತ್ತು, ಲಿಲ್ಲಿ ಆಂಟಿ ನಕ್ಕರು. ಅವರ ಜೊತೆ ಅಲ್ಲಿದ್ದವರೆಲ್ಲ ನಕ್ಕರು. ಕನ್ನಡ ತಿಳಿಯದ ತಮ್ಮ ಅಳಿಯನಿಗೆ ಅಂಕಲ್ ಸುಮಂಗಲಾಳ ಮಾತನ್ನು ಒಂದೊಂದೇ ಪದ ಹಿಡಿದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅವನು ತಡವಾಗಿ, ಒಬ್ಬನೇ, ನಕ್ಕ.

ನಾನು ಕ್ಷಮೆ ಕೇಳಲು ಹತ್ತಿರ ಹೋದೆ. ಅಂಕಲ್ ನನ್ನ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ನಗು.

"ಇಷ್ಟು ವರ್ಷ ಅವಳು ನನ್ನೊಬ್ಬನನ್ನೇ ನೋಡಿ ನಗುತ್ತಿದ್ದದ್ದು, ದೇಸಾಯ್ರೇ," ಎಂದರು. "ಈಗ ನೀವೂ ಜೊತೆಗೆ ಸಿಕ್ಕಿದಿರಿ."

ಈಗ ದಿನಾ ಬೆಳಿಗ್ಗೆ ತಿಂಡಿ ತಿನ್ನುವಾಗ ಅವರು ಅದನ್ನು ಕೇಳುತ್ತಾರೆ, ಕಿಟಕಿ ತೆರೆದಿಟ್ಟು. ಬಸ್ ಸ್ಟಾಪಿಗೆ ನಾನು ಹೋಗಬೇಕಾದದ್ದು ಅದೇ ದಾರಿ. ನನಗೆ ಗ್ಯಾಸ್ ಹಚ್ಚಲು ಬರುವುದಿಲ್ಲ ಎಂಬುದು ಕೇಳುತ್ತದೆ, ಗ್ಲಾಸ್ ಒಡೆಯುತ್ತದೆ, ಆಂಟಿ ನಗುತ್ತಾರೆ. ನಾನು ತಲೆ ತಗ್ಗಿಸಿ, ತುಂಬು ಕೃತಜ್ಞತೆಯಿಂದ, ಸ್ವಲ್ಪ ಬೇಗ ಬೇಗ ನಡೆಯುತ್ತೇನೆ.