ಮುಟ್ಟಬೇಡಿ, ಹೆಸರು ಹೇಳಿ

ಕಟ್ಟಡದ ಕೆಲಸದಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಗಲು ಯಾರಿಗೂ ಪುರುಸೊತ್ತಿರುವುದಿಲ್ಲ, ಅಷ್ಟೆ. ವರ್ತೂರಿನ ಹತ್ತಿರದ ಅಪಾರ್ಟ್‌ಮೆಂಟ್ ಸೈಟೊಂದರಲ್ಲಿ ನಾನು ಎಂಜಿನಿಯರ್ ಆಗಿದ್ದಾಗಿನ ಮಾತಿದು. ಆಗ ನಾನೂ ನಗಲಿಲ್ಲ.

೧. ಪದಪಟ್ಟಿ

ಹೆಡ್ಡಾಫೀಸಿನಿಂದ ಆದೇಶ ಬಂತು: ಗಾರೆ ಕೆಲಸದವರೆಲ್ಲ ಇನ್ನು ಪರೀಕ್ಷೆ ಪಾಸಾಗಬೇಕು. ಪಾಸಾದವರಿಗೆ ಮೇಸ್ತ್ರಿ ಕಾರ್ಡು. ಕಾರ್ಡಿಲ್ಲದವರು ಕರಣೆ ಹಿಡಿದು ಗೋಡೆ ಕಟ್ಟುವಂತಿಲ್ಲ. ಪರೀಕ್ಷೆ ಕನ್ನಡದಲ್ಲೇ; ಅದೊಂದು ಉಪಕಾರ. ಸೈಟ್ ಆಫೀಸಿನಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ ಆದ್ದರಿಂದ ಪದಪಟ್ಟಿ ಮಾಡುವ ಕೆಲಸ ನನಗೆ ಬಿತ್ತು. ರಸಮಟ್ಟ, ತೂಗುಗುಂಡು, ಗಾರೆ, ಜಲ್ಲಿ ಎಂದು ಜನ ಅನ್ನುವುದನ್ನೇ ಬರೆದುಕೊಟ್ಟೆ. ಹೆಡ್ಡಾಫೀಸಿನ ತರಬೇತಿ ಅಧಿಕಾರಿ ನನ್ನನ್ನು ಕರೆಸಿದರು.

"ಇವೆಲ್ಲ ಅವರಿಗೆ ಮೊದಲೇ ಗೊತ್ತಿರೋ ಪದಗಳಲ್ವಾ?"

"ಹೌದು ಸಾರ್."

"ಮತ್ತೆ ಪರೀಕ್ಷೆ ಯಾಕೆ?"

ತರ್ಕ ಸರಿಯಾಗಿತ್ತು. ರಸಮಟ್ಟ 'ಸಮತಲ ಸೂಚಕ'ವಾಯಿತು. ತೂಗುಗುಂಡು 'ಲಂಬ ಸೂಚಕ'ವಾಯಿತು. ಗಾರೆ 'ಬಂಧಕ ಮಿಶ್ರಣ'ವಾಯಿತು. ನಾನೇ ಬರೆದೆ. ಜಲ್ಲಿ ಮಾತ್ರ ಜಲ್ಲಿಯಾಗೇ ಉಳಿಯಿತು, ನನಗೇನೂ ಹೊಳೆಯಲಿಲ್ಲ.

೨. ಟೀ ಅಂಗಡಿಯ ಪಾಠಶಾಲೆ

ನಮ್ಮ ಹಿರಿಯ ಮೇಸ್ತ್ರಿ ಯಾದಗಿರಿ ಕಡೆಯವರು. ಓದು ಬರಹ ಇಲ್ಲ. ಹೆಂಡತಿ ಅದೇ ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದರು. ಮದುವೆಯಾದಾಗಿನಿಂದ ಇಬ್ಬರದೂ ಒಂದೇ ಸೈಟು: ಆಕೆ ಎತ್ತಿಕೊಡುವುದು, ಇವರು ಕಟ್ಟುವುದು.

"ಕಾರ್ಡ್ ಸಿಗಲಿಲ್ಲಂದ್ರ ಆಕಿ ಇಟ್ಟಂಗಿ ಹೊರಾಕ್ ಹೋಗೂದು, ನಾ ಶೆಡ್ಡಿನ್ಯಾಗ ಕುಂತು ದಾರಿ ನೋಡೂದು. ಅದೊಂದು ಆಗಬಾರದ್ರೀ ಸರ," ಎಂದರು.

ದಿನಾ ಬೆಳಿಗ್ಗೆ ಗೇಟಿನ ಮುಂದಿನ ಟೀ ಅಂಗಡಿಯಲ್ಲಿ ನಾನು ಓದುವುದು, ಅವರು ಹೇಳುವುದು. 'ಲಂಬ' ಎನ್ನುವಷ್ಟರಲ್ಲಿ ಅವರ ಕೈ ತಾನಾಗಿ ಮೇಲೇಳುತ್ತಿತ್ತು. ಎರಡು ಬೆರಳಲ್ಲಿ ಇಲ್ಲದ ದಾರ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಗಡಿಯ ಗೋಡೆ ನೋಡುತ್ತಿದ್ದರು.

"ಬಾಯಾಗ ಬರವಲ್ದ್ರೀ ಸರ."

ಅಂಗಡಿಯವನು ವರ್ತೂರಿನವನೇ. ಟೀ ಸೋಸುತ್ತ, "ಲಂಬ ಸೂಚಕ, ಸಮತಲ ಸೂಚಕ, ಬಂಧಕ ಮಿಶ್ರಣ. ಇಷ್ಟೇ ತಾನೆ ಯಜಮಾನ್ರೇ? ಇನ್ನೊಂದ್ ಟೀ ಕುಡೀರಿ, ಬತ್ತದೆ," ಅಂದ. ಬರಲಿಲ್ಲ. ಗೋಡೆ ಮಾತ್ರ ಅರ್ಧ ಇಂಚು ವಾಲಿದೆಯೆಂದು ಅಂಗಡಿಯವನಿಗೆ ಗೊತ್ತಾಯಿತು.

೩. ಪರೀಕ್ಷೆ

ಫಾರಂನಲ್ಲಿ ಹತ್ತು ಹೆಸರಿಗೆ ಜಾಗ. ಒಬ್ಬನಿಗೆ ಜ್ವರ. ಜಾಗ ಖಾಲಿ ಬಿಡುವಂತಿಲ್ಲವೆಂದು ಅಧಿಕಾರಿ, ಎಲ್ಲರಿಗೂ ಟೀ ಕೊಡಲು ಬಂದಿದ್ದ ಅಂಗಡಿಯವನನ್ನೇ ಹತ್ತನೆಯವನಾಗಿ ಕೂರಿಸಿದರು.

ಟೇಬಲ್ಲಿನ ಮೇಲೆ ಸಾಮಾನು ಸಾಲಾಗಿ ಇಟ್ಟಿದ್ದರು. ಮೇಸ್ತ್ರಿ ರಸಮಟ್ಟಕ್ಕೆ ಕೈ ಹಾಕಿದರು.

"ಮುಟ್ಟಬೇಡಿ, ಹೆಸರು ಹೇಳಿ."

"ರಸಮಟ್ಟ ಅಂತೀವ್ರಿ."

"ಪಟ್ಟಿಯಲ್ಲಿ ಹಾಗಿಲ್ಲ. ಬಂಧಕ ಮಿಶ್ರಣಕ್ಕೆ ಸಿಮೆಂಟ್ ಎಷ್ಟು, ಮರಳು ಎಷ್ಟು?"

ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದ ನನ್ನ ಮುಖ ನೋಡಿದರು. "ಗಾರೆ," ಎಂದು ಪಿಸುಗುಟ್ಟಿದೆ.

"ಮರಳು ಹಸಿ ಐತೋ ಒಣಗೈತೋ, ಮೊದಲ ಅದನ್ನ ನೋಡಬೇಕಲ್ರಿ?"

"ಪ್ರಶ್ನೆ ಕೇಳೋದು ನಾನು."

ಮೇಸ್ತ್ರಿ ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದು ಹೋಗುವಾಗ ಟೇಬಲ್ಲು ಅಲುಗಾಡಿತು. ತಡೆಯಲಾಗಲಿಲ್ಲ ಅವರಿಗೆ. ಮೇಲಿದ್ದ ಒಂದು ಕಾಗದ ಮಡಚಿ ಟೇಬಲ್ಲಿನ ಕಾಲಿನಡಿ ಸಿಕ್ಕಿಸಿದರು.

"ಅದು ನಿಮ್ಮ ಅಂಕಪಟ್ಟಿ ಕಣ್ರೀ!"

"ಇರಲಿ ಬಿಡ್ರಿ ಸಾಹೇಬ್ರ. ಈಗ ಅಲುಗಾಡಂಗಿಲ್ಲ."

೪. ಫಲಿತಾಂಶ

ಟೀ ಅಂಗಡಿಯವನು ಮೊದಲನೆಯವನಾಗಿ ಪಾಸಾದ. ಮೇಸ್ತ್ರಿ ಫೇಲ್. ಅಂಗಡಿಯವನು ಹೆದರಿ ಕಾರ್ಡು ವಾಪಸ್ ಕೊಡಲು ಬಂದ.

"ಸಾರ್, ನಂಗೆ ಗ್ವಾಡೆ ಕಟ್ಟಕ್ ಬರಕಿಲ್ಲ."

ಅಧಿಕಾರಿ ಪ್ರಶ್ನೆಪತ್ರಿಕೆ ತಿರುವಿ ನೋಡಿ ಹೇಳಿದರು: "ಅದನ್ನ ನಾವು ಕೇಳೇ ಇಲ್ವಲ್ಲ."

೫. ಮೇಸ್ತ್ರಿ ಮತ್ತು ಹೆಲ್ಪರ್

ಮೇಸ್ತ್ರಿ ಎರಡು ದಿನ ಶೆಡ್ಡಿನಲ್ಲಿ ಕೂತರು. ಮೂರನೆಯ ದಿನ ಅವರ ಹೆಂಡತಿ ನನ್ನ ಹತ್ತಿರ ಬಂದು, "ಅವ್ರು ಉಣ್ಣವಲ್ರು ಸರ," ಎಂದರು. ಅಷ್ಟೇ ಹೇಳಿದ್ದು.

ಹೆಲ್ಪರ್ ಕಾರ್ಡಿಗೆ ಪರೀಕ್ಷೆ ಇಲ್ಲ. ಅದನ್ನು ಮಾಡಿಸಿದೆ. ಹೆಲ್ಪರ್ ಒಬ್ಬ ಮೇಸ್ತ್ರಿಯ ಕೈಕೆಳಗೆ ಇರಬೇಕೆಂಬ ನಿಯಮವಿತ್ತು. ಅಂಗಡಿಯವನ ಹೆಸರು ಬರೆದೆ. ನನ್ನ ಪಟ್ಟಿಯಿಂದ ಆದ ಅನಾಹುತಕ್ಕೆ ನನ್ನ ಕೈಲಾದ ಪರಿಹಾರ ಇಷ್ಟೇ. ಅವತ್ತಿನಿಂದ ಮೂರನೇ ಮಹಡಿಯಲ್ಲಿ ಹೆಲ್ಪರ್ ಗೋಡೆ ಕಟ್ಟುತ್ತಿದ್ದರು, ಮೇಸ್ತ್ರಿ ಟೀ ಕೊಡುತ್ತಿದ್ದ.

ಒಂದು ದಿನ ಅಧಿಕಾರಿ ಹೇಳದೆ ಮೇಲೆ ಬಂದರು. ಕರಣೆ ಅಂಗಡಿಯವನ ಕೈಗೆ ಹೋಯಿತು. ನಮ್ಮ ಹಿರಿಯ ಮೇಸ್ತ್ರಿ ಗಾರೆ ತುಂಬಿದ ಬಾಂಡ್ಲಿ ಎತ್ತಿ ತಲೆಗೇರಿಸಿದರು. ಅಭ್ಯಾಸವಿಲ್ಲದೆ ಕುತ್ತಿಗೆ ನಡುಗಿತು, ಗಾರೆ ಹಣೆಗಿಳಿಯಿತು. ಹಿಂದೆ ಇಟ್ಟಿಗೆ ಹೊತ್ತು ನಿಂತಿದ್ದ ಹೆಂಡತಿ, "ತಲಿ ಮ್ಯಾಲ ಅರಿವಿ ಸಿಂಬಿ ಇಟ್ಕೋರಿ," ಎಂದು ಮೆಲ್ಲಗೆ ಅಂದರು.

ನೂಲು ಹಿಡಿದಂತೆ ನೆಟ್ಟಗೆ ಎದ್ದಿದ್ದ ಗೋಡೆಯ ಮೇಲೆ ಅಧಿಕಾರಿ ಕೈಯಾಡಿಸಿದರು. ಅಂಗಡಿಯವನ ಬೆನ್ನು ತಟ್ಟಿದರು. ಆಮೇಲೆ ಮೇಸ್ತ್ರಿಯತ್ತ ತಿರುಗಿ, "ನೋಡಿ ಯಜಮಾನ್ರೇ, ಕೆಲಸ ಅಂದ್ರೆ ಇದು. ಇವರ ಜೊತೆ ಇದ್ದು ಕಲ್ತ್ಕೊಳ್ಳಿ," ಎಂದರು.

"ಕಲೀತೀನ್ರೀ ಸಾಹೇಬ್ರ," ಎಂದರು ಮೇಸ್ತ್ರಿ, ಬಾಂಡ್ಲಿ ಇಳಿಸದೆ. "ಮೂವತ್ತು ವರ್ಷ ಆತು, ಕಲಿಯೂದ ನಡದೈತ್ರಿ."

ಹೆಂಡತಿ ಇಟ್ಟಿಗೆ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದಾರೆಂದುಕೊಂಡು ಅಧಿಕಾರಿಯೂ ನಕ್ಕರು.