ಎಮ್ಮೆಗೆ ಹಿಡಿಸದ ವೆನಿಲಿನ್

ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನನ್ನ ಅಕ್ಕ ಶಾಂತಾ ಐದು ದಿನ ತನ್ನ ಕೈಯನ್ನೇ ಬೈದುಕೊಂಡಳು.

ಎರಡು ಸಾವಿರದ ಇಸವಿಯ ಚಳಿಗಾಲ. ಬೆಳಗಾವಿಯ ಶಿವಬಸವ ನಗರದಲ್ಲಿ, ಒಂದು ಮನೆಯ ಹಿಂದಿನ ಖೋಲಿಯಲ್ಲಿ ಮುಖದ ಕ್ರೀಮು ತಯಾರಾಗುತ್ತಿತ್ತು. ಡಬ್ಬಿಗೆ ಮುಚ್ಚಳ ಹಾಕುವುದು ನನ್ನ ಕೆಲಸ. ಆರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಆದರೂ ಮೂರು ತಿಂಗಳು ಮುಚ್ಚಳ ಹಾಕಿದ ಮೇಲೆ ಕ್ರೀಮಿನ ಸಮಸ್ತ ಶಾಸ್ತ್ರವೂ ನನಗೆ ವಶವಾಗಿದೆ ಎಂದು ನಂಬಿದ್ದೆ. ಅದರ ಜೀವವೆಂದರೆ ವೆನಿಲಿನ್ ಎಂಬ ಬಿಳಿ ಪುಡಿ. ಮೂಸಿದರೆ ಐಸ್‌ಕ್ರೀಮ್ ಅಂಗಡಿಯೇ ಮೂಗಿನೊಳಗೆ ಬಂದು ಕೂತಂತೆ. ಮಾಲಕರು ದೊಡ್ಡ ಪಾತೇಲಿಗೆ ಒಂದೇ ಚಿಟಿಕೆ ಹಾಕುತ್ತಿದ್ದರು. ಜಿಪುಣರು ಅಂದುಕೊಂಡೆ.

ಖಾನಾಪುರದ ಹತ್ತಿರ ನಮ್ಮೂರು. ಚಳಿಗೆ ಅಕ್ಕನ ಕೈ ಒಡೆದಿತ್ತು. ರಜೆಗೆ ಊರಿಗೆ ಹೋಗುವಾಗ ಮಾಲಕರನ್ನು ಕೇಳಿ ಪುಡಿ ಒಯ್ದು, ಕೊಬ್ಬರಿ ಎಣ್ಣೆ, ಮೇಣದ ಜೊತೆ ಕಾಸಿ ಒಂದು ಡಬ್ಬಿ ಕ್ರೀಮು ಮಾಡಿದೆ. ಪುಡಿ ನಾಲ್ಕು ಚಮಚ. ಅಕ್ಕನಿಗೆ ಕಡಿಮೆ ಮಾಡಲಾದೀತೇ? ಅಕ್ಕ ಹಚ್ಚಿಕೊಂಡಳು; ಕೈ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಅದೇ ನನ್ನ ಹೆಮ್ಮೆ.

ಮರುದಿನ ಅಕ್ಕ ಹಾಲು ಹಿಂಡಲು ಕೂತಳು. ಎಮ್ಮೆ ತಿರುಗಿ ಅವಳ ಕೈ ಮೂಸಿತು. ಇವಳ್ಯಾರು ಎಂಬಂತೆ ನೋಡಿತು. ಬಕೆಟ್ಟು ಒದ್ದಿತು.

"ಯಾಕ ಚಂದ್ರಿ, ನಾನ ಅಲ್ಲೇನ?" ಎಂದಳು ಅಕ್ಕ. ಕರುವಿದ್ದಾಗಿನಿಂದ ಅವಳೇ ಸಾಕಿದ ಎಮ್ಮೆ.

ಸಂಜೆಯೂ ಹಾಲಿಲ್ಲ. ನನಗೆ ಕಾರಣ ಹೊಳೆಯಿತು. ಆದರೆ ಊರೆಲ್ಲ ಡಬ್ಬಿ ತೋರಿಸಿ ಬಂದಾಗಿತ್ತು. ಬಾಯಿ ಬಿಡಲಿಲ್ಲ.

ಬಾಜೂ ಮನೆಯ ತಾರಾಕಾಕು ಬಂದು, "ದೃಷ್ಟಿ ಆಗೈತಿ, ಖರೇ ಹೇಳ್ತೀನಿ," ಎಂದಳು. ಮೆಣಸಿನಕಾಯಿ ಸುಟ್ಟಳು. ಎಮ್ಮೆ ಕೆಮ್ಮಿತು.

"ನೋಡ, ಎಷ್ಟ ಜೋರ ದೃಷ್ಟಿ ಅದು!"

ಆಗ ನನ್ನ ಬುದ್ಧಿ ಇನ್ನೂ ಮುಂದೆ ಓಡಿತು. ಚಂದ್ರಿಯ ಎಳೆಗರುವಿಗೂ ಅದೇ ವಾಸನೆ ಬಂದರೆ ಎಮ್ಮೆಗೆ ರೂಢಿಯಾಗುತ್ತದೆ! ಯಾರೂ ಇಲ್ಲದಾಗ ಕರುವಿನ ಮೈತುಂಬ ಕ್ರೀಮು ಸವರಿದೆ. ಮನೆಯೆಲ್ಲ ಅದೇ ವಾಸನೆ, ಕರುವಿನದು ಯಾರಿಗೆ ತಿಳಿಯಬೇಕು? ಎಮ್ಮೆಗೆ ತಿಳಿಯಿತು. ಕರುವನ್ನೂ ಒದ್ದಿತು.

ಐದನೇ ದಿನ ಅಕ್ಕ ಹಗ್ಗ ಬಿಚ್ಚಿದಳು. ಕಣ್ಣು ಕೆಂಪಾಗಿದ್ದವು.

"ನನ್ನ ಕೈಗುಣಾನ ಹೋತು, ನೀಲಾ. ಸಂತ್ಯಾಗ ಮಾರಿ ಬರ್ತೇನಿ. ಬ್ಯಾರೆಯವರ ಕೈಯಾಗರ ಹಾಲ ಬಿಡ್ಲಿ. ಕರುವರ ಬದಕತೈತಿ."

"ಆತಕ್ಕಾ, ಹುಷಾರಿಂದ ಹೋಗಿ ಬಾ," ಎಂದೆ. ಅಷ್ಟು ಧೈರ್ಯಶಾಲಿ ನಾನು.

ಅವಳು ಹೊಸ್ತಿಲಲ್ಲಿ ನಿಂತು ಡಬ್ಬಿ ತೆರೆದಳು. ಒಂದು ಬೆರಳು ಕ್ರೀಮು ತೆಗೆದು ಕೈಗೆ ಹಚ್ಚಿಕೊಳ್ಳುತ್ತ, "ಈ ತ್ರಾಸಿನಾಗ ನಿಂದೊಂದ ಸಮಾಧಾನ ನೋಡ ನನಗ," ಎಂದಳು.

ಡಬ್ಬಿ ಕಸಿದುಕೊಂಡೆ. ಎಮ್ಮೆಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ತಪ್ಪಾತ ಅಕ್ಕಾ. ನಿನ್ನ ಕೈ ಛಲೋನ ಐತಿ. ಕೆಟ್ಟದ್ದು ನನ್ನ ಕ್ರೀಮು. ಕರುವಿಗೂ ನಾನ ಹಚ್ಚೇನಿ. ಮಾಫ್ ಮಾಡು. ಚಂದ್ರಿಗೂ ನೀನ ಹೇಳು, ನನ್ನ ಮಾತ ಅದು ಕೇಳೂದಿಲ್ಲ."